ಪೆಚೋರಾದಿಂದ ಉಪಗ್ರಹದವರೆಗೆ: ಏರ್ ಫೋರ್ಸ್‌ನಲ್ಲಿ ನನ್ನ ಮಿಸೈಲ್ ವರ್ಷಗಳು

ಏರ್ ಫೋರ್ಸ್‌ನಿಂದ ನಿವೃತ್ತನಾಗಿ ಬಂದವನು ಅಂತ ತಿಳಿದ ಕೂಡಲೇ ಧಾರವಾಡದಲ್ಲಿ ಜನ ಕೇಳುವ ಮೊದಲ ಪ್ರಶ್ನೆ, "ಯಾವ ವಿಮಾನ ಹಾರಸ್ತಿದ್ರಿ ಸರ್?" ನಾನು ಪೈಲಟ್ ಅಲ್ಲ. ಟೆಕ್ನಿಕಲ್ ಬ್ರಾಂಚಿನವನು. ನೆಲದಿಂದ ಹಾರಿ ಶತ್ರು ವಿಮಾನವನ್ನು ಹೊಡೆಯುವ ಮಿಸೈಲ್‌ಗಳ ಜೊತೆ ನನ್ನ ನೌಕರಿಯ ಬಹುಪಾಲು ಕಳೆಯಿತು. ಕೊನೆಯ ಕೆಲವು ವರ್ಷ ಉಪಗ್ರಹಗಳಿಗೆ ಸಂಬಂಧಪಟ್ಟ ಕೆಲಸ. ಏರ್ ಕಮೋಡೋರ್ ಹುದ್ದೆಯಲ್ಲಿ ನಿವೃತ್ತನಾದೆ.

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಇಂಥದ್ದೊಂದು ನೌಕರಿ ಇದೆ ಅನ್ನೋದೇ ಅವರಲ್ಲಿ ಬಹಳ ಜನರಿಗೆ ಗೊತ್ತಿರುವುದಿಲ್ಲ. ಅವರಿಗೆ ಬಾಯಲ್ಲಿ ಹೇಳುತ್ತಿದ್ದುದನ್ನೇ ಇಲ್ಲಿ ಬರೆದಿದ್ದೇನೆ. ನಾನಿದ್ದ ಯೂನಿಟ್‌ಗಳ ಹೆಸರು, ಜಾಗ ಬರೆಯುವುದಿಲ್ಲ. ಅದು ಬರೆಯುವಂಥದ್ದಲ್ಲ.

ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ರಜೆಯ ದಿನ ಮನೆಯಲ್ಲಿ ಸೈಕಲ್ ರಿಪೇರಿಗೆ ಕೂತರೂ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಎಲ್ಲ ಬಿಗಿ ಮಾಡಿದ ಮೇಲೆ ಪ್ರತಿಯೊಂದು ನಟ್ಟನ್ನೂ ಇನ್ನೊಮ್ಮೆ ಕೈಯಿಂದ ಮುಟ್ಟಿ ನೋಡುತ್ತಿದ್ದರು. "ಕಣ್ಣ ಸುಳ್ಳ ಹೇಳ್ತಾವ ತಮ್ಮಾ, ಕೈ ಹೇಳೂದಿಲ್ಲ" ಅನ್ನುತ್ತಿದ್ದರು. ಆಗ ಅದು ನನಗೆ ಬೇಸರದ ಕೆಲಸ. ಮುಂದೆ ನಾನು ಮಾಡಿದ್ದೆಲ್ಲ ಅದೇ ಕೆಲಸ.

ವಿದ್ಯಾನಗರದ ಬಿ.ವಿ.ಬಿ. ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದೆ. ಆಗ ಅದು ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಕೊನೆಯ ವರ್ಷ ಏರ್ ಫೋರ್ಸ್‌ಗೆ ಅರ್ಜಿ ಹಾಕಿದೆ. ಮೈಸೂರಿನ ಸೆಲೆಕ್ಷನ್ ಬೋರ್ಡಿನಿಂದ ಕರೆ ಬಂತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಆಗ ಮೀಟರ್ ಗೇಜ್ ರೈಲು. ರಾತ್ರಿಯೆಲ್ಲ ಕೂತು ಹೋಗಿ, ಅಲ್ಲಿಂದ ಮೈಸೂರಿನ ಗಾಡಿ ಹಿಡಿದೆ.

ಆ ಬೋರ್ಡ್ ಈಗಲೂ ಅಲ್ಲೇ ಇದೆ. ಪರೀಕ್ಷೆಯ ರೀತಿಯೂ ಹೆಚ್ಚೇನೂ ಬದಲಾಗಿಲ್ಲ. ಒಂದು ಚಿತ್ರವನ್ನು 30 ಸೆಕೆಂಡ್ ತೋರಿಸುತ್ತಾರೆ, ನಾಲ್ಕು ನಿಮಿಷದಲ್ಲಿ ಅದರ ಮೇಲೆ ಕಥೆ ಬರೆಯಬೇಕು. 60 ಶಬ್ದ ತೋರಿಸುತ್ತಾರೆ, ಒಂದೊಂದಕ್ಕೂ 15 ಸೆಕೆಂಡಿನಲ್ಲಿ ಮನಸ್ಸಿಗೆ ಬಂದ ವಾಕ್ಯ ಬರೆಯಬೇಕು. ಆಮೇಲೆ ಮೈದಾನ. ಹಲಗೆ, ಹಗ್ಗ, ಪೀಪಾಯಿ ಕೊಟ್ಟು ಗುಂಪಾಗಿ ಒಂದು ಅಡ್ಡಿ ದಾಟಿ ಅನ್ನುತ್ತಾರೆ. ಯಾರು ಕೂಗಾಡುತ್ತಾರೆ, ಯಾರು ಪಕ್ಕದವನ ಮಾತು ಕೇಳುತ್ತಾರೆ, ಯಾರು ಸುಮ್ನೆ ಹಗ್ಗ ಹಿಡಿದು ನಿಲ್ಲುತ್ತಾರೆ ಅಂತ ಒಬ್ಬ ಅಧಿಕಾರಿ ದೂರದಲ್ಲಿ ನಿಂತು ನೋಡುತ್ತಿರುತ್ತಾರೆ. ಇಂಗ್ಲಿಷ್ ಹರಿದಾಡಬೇಕು ಅಂತ ನಮ್ಮ ಕಡೆಯ ಹುಡುಗರು ಹೆದರುತ್ತಾರೆ. ನನ್ನದು ಕನ್ನಡ ಶಾಲೆಯ ಇಂಗ್ಲಿಷ್. ಇಂಟರ್‌ವ್ಯೂನಲ್ಲಿ ಅಧಿಕಾರಿ ಅಪ್ಪನ ಕೆಲಸದ ಬಗ್ಗೆಯೇ ಜಾಸ್ತಿ ಕೇಳಿದರು. ರೈಲಿನ ಬೋಗಿಯನ್ನು ಎತ್ತುವುದು ಹೇಗೆ, ಬೇರಿಂಗ್ ಬಿಸಿಯಾದರೆ ಏನಾಗುತ್ತದೆ, ಬ್ರೇಕ್ ಹಿಡಿಯುವುದು ಹೇಗೆ. ಚಿಕ್ಕಂದಿನಿಂದ ಕೇಳಿದ್ದೆಲ್ಲ ಹೇಳಿದೆ. ಗೊತ್ತಿದ್ದನ್ನು ಗೊತ್ತಿದ್ದಷ್ಟು ನೇರವಾಗಿ ಹೇಳುವುದು ಅಲ್ಲಿ ನಡೆಯುತ್ತದೆ.

1983ರಲ್ಲಿ ಬೆಂಗಳೂರಿನ ಜಾಲಹಳ್ಳಿಯ ಏರ್ ಫೋರ್ಸ್ ಟೆಕ್ನಿಕಲ್ ಕಾಲೇಜು ಸೇರಿದೆ. ಅದೇ ವರ್ಷ ದೇಶದ ಕ್ಷಿಪಣಿ ಯೋಜನೆ ಶುರುವಾಯಿತು. ಪೃಥ್ವಿ, ಅಗ್ನಿ, ತ್ರಿಶೂಲ್, ಆಕಾಶ್, ನಾಗ್ ಅಂತ ಐದು ಮಿಸೈಲ್‌ಗಳನ್ನು ಒಟ್ಟಿಗೆ ಕೈಗೆತ್ತಿಕೊಂಡ ಯೋಜನೆ ಅದು. ಮರುವರ್ಷ ಏಪ್ರಿಲ್ 3ರಂದು ಸ್ಕ್ವಾಡ್ರನ್ ಲೀಡರ್ ರಾಕೇಶ್ ಶರ್ಮಾ ಸೋಯುಜ್ ಟಿ-11ರಲ್ಲಿ ಬಾಹ್ಯಾಕಾಶಕ್ಕೆ ಹೋದರು. ಅವರ ಜಾಗಕ್ಕೆ ಬೇಕಾದರೆ ಅಂತ ತಯಾರಾಗಿ ನಿಂತವರು ವಿಂಗ್ ಕಮಾಂಡರ್ ರವೀಶ್ ಮಲ್ಹೋತ್ರಾ. ಎಲ್ಲ ತರಬೇತಿ ಮುಗಿಸಿ, ಹೋಗದೆ ಉಳಿದವರು. ನನ್ನ ಮನಸ್ಸಿನಲ್ಲಿ ಜಾಸ್ತಿ ಉಳಿದದ್ದು ಅವರೇ.

ತರಬೇತಿ ಮುಗಿದ ಮೇಲೆ ಗೆಳೆಯರಿಗೆಲ್ಲ ಫೈಟರ್ ಸ್ಕ್ವಾಡ್ರನ್ ಮೇಲೆ ಕಣ್ಣು. ನನ್ನ ಹೆಸರು ಮಿಸೈಲ್ ಪಟ್ಟಿಯಲ್ಲಿ ಬಂತು. ಊರಿಗೆ ಬಂದು ಹೇಳಿದಾಗ ಅವ್ವ ಕೇಳಿದ್ದು ಒಂದೇ ಮಾತು: "ಅದು ಸಿಡೀತೈತಿ ಅಲ್ಲೇನಪಾ?" ಸಿಡಿಯದಂತೆ ನೋಡಿಕೊಳ್ಳುವುದೇ ನನ್ನ ಕೆಲಸ ಅಂತ ಸಮಾಧಾನ ಹೇಳಿದೆ. ಅದು ಅರ್ಧ ನಿಜ. ಬೇಡದಾಗ ಸಿಡಿಯಬಾರದು, ಬೇಕಾದಾಗ ಸಿಡಿಯದೇ ಇರಬಾರದು. ಇವೆರಡರ ನಡುವೆಯೇ ಮಿಸೈಲ್ ಅಧಿಕಾರಿಯ ಇಡೀ ಬದುಕು.

ನನ್ನ ಮೊದಲ ಸ್ಕ್ವಾಡ್ರನ್‌ನಲ್ಲಿ ಇದ್ದದ್ದು ಪೆಚೋರಾ. ರಷ್ಯದವರು ತಮ್ಮ ಎಸ್-125 ಮಿಸೈಲ್ ವ್ಯವಸ್ಥೆಯನ್ನು ಬೇರೆ ದೇಶಗಳಿಗೆ ಮಾರಿದ್ದು ಈ ಹೆಸರಿನಲ್ಲಿ. ನಮ್ಮ ಏರ್ ಫೋರ್ಸ್‌ಗೆ ಅದು ಬಂದದ್ದು 1970ರ ದಶಕದಲ್ಲಿ. ಮಿಸೈಲ್ ಸುಮಾರು ಆರು ಮೀಟರ್ ಉದ್ದ, ಹತ್ತಿರ ಹತ್ತಿರ ಒಂದು ಟನ್ ತೂಕ. ಎರಡು ಹಂತ, ಎರಡರಲ್ಲೂ ಘನ ಇಂಧನ. ಸುಮಾರು 25 ಕಿಲೋಮೀಟರ್‌ವರೆಗೆ ಹೊಡೆಯುತ್ತದೆ. ಅದಕ್ಕೆ ಸ್ವಂತ ಕಣ್ಣಿಲ್ಲ. ನೆಲದ ಮೇಲಿನ ರೇಡಾರ್ ಒಂದು ಕಡೆ ಶತ್ರು ವಿಮಾನವನ್ನೂ ಇನ್ನೊಂದು ಕಡೆ ನಮ್ಮ ಮಿಸೈಲನ್ನೂ ನೋಡುತ್ತಾ ಇರುತ್ತದೆ. ಎರಡರ ನಡುವಿನ ಅಂತರವನ್ನು ಲೆಕ್ಕ ಹಾಕಿ, ಎಡಕ್ಕೆ ಹೋಗು, ಮೇಲಕ್ಕೆ ಹೋಗು ಅಂತ ರೇಡಿಯೊ ಮೂಲಕ ಆಜ್ಞೆ ಕಳಿಸುತ್ತದೆ.

ಆ ರೇಡಾರ್‌ನ ಪರದೆಯ ಮುಂದೆ ಕೂರುವವರು ಮೂವರು ಆಪರೇಟರ್‌ಗಳು. ಒಬ್ಬ ದೂರ, ಒಬ್ಬ ದಿಕ್ಕು, ಒಬ್ಬ ಎತ್ತರದ ಕೋನ ನೋಡುತ್ತಾನೆ. ಎದುರಿಗೆ ಒಂದೊಂದು ಕೈಚಕ್ರ. ರೇಡಾರ್ ತಾನಾಗಿಯೂ ಗುರಿಯನ್ನು ಹಿಂಬಾಲಿಸಬಲ್ಲದು. ಆದರೆ ಶತ್ರು ವಿಮಾನ ರೇಡಿಯೊ ಗದ್ದಲ ಎಬ್ಬಿಸಿ ಪರದೆಯನ್ನು ಬೆಳ್ಳಗೆ ಮಾಡಿದಾಗ ಉಳಿಯುವುದು ಈ ಮೂವರ ಕೈ. ಒಬ್ಬನ ಕೈ ತುಸು ತಡವಾದರೂ ಮಿಸೈಲ್ ಗುರಿಯ ಪಕ್ಕದಿಂದ ಹೋಗುತ್ತದೆ. ಹಾಗಾಗಿ ಅವರು ದಿನಾಲೂ ಸಿಮ್ಯುಲೇಟರ್ ಮೇಲೆ ಕೂರುತ್ತಿದ್ದರು. ಒಬ್ಬ ಕೇರಳದವನು, ಒಬ್ಬ ಬಿಹಾರದವನು, ಒಬ್ಬ ರಾಜಸ್ಥಾನದವನು. ಮಾತೇ ಇಲ್ಲದೆ ಮೂರು ಚಕ್ರಗಳು ಒಂದೇ ಲಯದಲ್ಲಿ ತಿರುಗುವುದನ್ನು ನಾನು ಹಿಂದೆ ನಿಂತು ನೋಡುತ್ತಿದ್ದೆ. ಅಂಥ ಏರ್‌ಮನ್‌ಗಳ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ. ಮಿಸೈಲ್ ಅಂದ್ರೆ ವಿಜ್ಞಾನಿಗಳು, ಅಧಿಕಾರಿಗಳು ಮಾತ್ರ ಅಂತ ಜನ ತಿಳಿದಿದ್ದಾರೆ. ಅದು ಸರಿಯಲ್ಲ. ಆ ಕೈಗಳಿಲ್ಲದಿದ್ದರೆ ಲಾಂಚರ್ ಮೇಲೆ ಇರುವುದು ಬರೀ ಒಂದು ಟನ್ ಸಾಮಾನು.

ಕ್ಯಾಬಿನ್ ಒಳಗೆ ಹಳೆಯ ಕಾಲದ ಎಲೆಕ್ಟ್ರಾನಿಕ್ಸ್. ಬಹುಪಾಲು ಹಳೆಯ ರೇಡಿಯೊದಲ್ಲಿರುತ್ತಿದ್ದಂಥ ಗಾಜಿನ ವಾಲ್ವ್‌ಗಳು. ಆನ್ ಮಾಡಿ ಕಾಯಬೇಕು, ಬಿಸಿಯಾದ ಮೇಲೆ ಒಂದೊಂದು ಓಲ್ಟೇಜ್ ಅಳೆದು ಪುಸ್ತಕದಲ್ಲಿ ಬರೆಯಬೇಕು. ಬೆಳಿಗ್ಗೆಯ ತಪಾಸಣೆ, ವಾರದ ತಪಾಸಣೆ, ತಿಂಗಳ ತಪಾಸಣೆ, ಆರು ತಿಂಗಳದ್ದು, ವರ್ಷದ್ದು. ವಾಯವ್ಯ ಭಾರತದ ಬೇಸಿಗೆಯಲ್ಲಿ ಕ್ಯಾಬಿನ್ ಒಲೆಯಾಗುತ್ತಿತ್ತು. ಚಳಿಗಾಲದಲ್ಲಿ ಬೆಳಗಿನ ಮಂಜು ಕನೆಕ್ಟರ್ ಒಳಗೆ ಇಳಿದು ಸಿಗ್ನಲ್ ಕೆಡಿಸುತ್ತಿತ್ತು. ಇಲಿಗಳು ಕೇಬಲ್ ಕಡಿಯುತ್ತಿದ್ದವು. ಯುದ್ಧ ಇರಲಿಲ್ಲ. ನಾಳೆ ಬರುತ್ತದೆ ಅಂತಲೂ ಇರಲಿಲ್ಲ. ಆದರೂ ಇಷ್ಟು ನಿಮಿಷದಲ್ಲಿ ತಯಾರಾಗಿ ಅಂತ ಆದೇಶ ಬಂದರೆ ಅಷ್ಟೇ ನಿಮಿಷದಲ್ಲಿ ತಯಾರಾಗಿರಬೇಕು. ನಡುರಾತ್ರಿ ಸೈರನ್ ಕೂಗಿ ಪರೀಕ್ಷೆ ಮಾಡುತ್ತಿದ್ದರು.

ಊರಿನಿಂದ ಬರುತ್ತಿದ್ದ ಪತ್ರಗಳಿಗೆ ವಿಳಾಸ 56 ಎ.ಪಿ.ಒ. ಅದು ಸೈನ್ಯದ ಅಂಚೆಯ ವಿಳಾಸ. ನಾವು ಎಲ್ಲಿದ್ದೇವೆ ಅಂತ ಅದರಿಂದ ತಿಳಿಯುವುದಿಲ್ಲ. "56 ಎ.ಪಿ.ಒ.ದಾಗ ಮಳಿ ಆತೇನು?" ಅಂತ ಅವ್ವ ಬರೆಸಿದ್ದಳು. ಆತು ಅಂತ ಬರೆದೆ. ಎಲ್ಲಿ ಅಂತ ಬರೆಯಲಿಲ್ಲ.

ಏರ್‌ಮನ್ ಆಗಿ ಸೇರಿ ಮೇಲೆ ಬಂದ ಆ ಕಾಲದ ಹಿರಿಯ ವಾರಂಟ್ ಆಫೀಸರ್‌ಗಳು ಇನ್ನೂ ಹಳೆಯ ಮಿಸೈಲಿನ ಕಥೆ ಹೇಳುತ್ತಿದ್ದರು. ಪೆಚೋರಾಕ್ಕಿಂತ ಮೊದಲು, 1960ರ ದಶಕದಲ್ಲಿ, ರಷ್ಯದಿಂದಲೇ ಬಂದ ಎಸ್-75. ಹೊರಗಿನವರು ಅದನ್ನು ಸ್ಯಾಮ್-2 ಅನ್ನುತ್ತಾರೆ. ಅದರ ಎರಡನೇ ಹಂತಕ್ಕೆ ದ್ರವ ಇಂಧನ. ಇಂಧನ ಉರಿಯಲು ಬೇಕಾದ ಆಕ್ಸಿಡೈಸರ್ ನೈಟ್ರಿಕ್ ಆಮ್ಲದಿಂದ ಮಾಡಿದ್ದು. ಮೈಮೇಲೆ ಬಿದ್ದರೆ ಸುಡುತ್ತದೆ, ಹೊಗೆ ಕುಡಿದರೆ ಶ್ವಾಸಕೋಶ ಹೋಗುತ್ತದೆ. ರಬ್ಬರ್ ಉಡುಪು, ಮುಖವಾಡ ಹಾಕಿಕೊಂಡು ಅದನ್ನು ತುಂಬುತ್ತಿದ್ದರು. ನಮ್ಮ ಘನ ಇಂಧನದ ಮಿಸೈಲ್ ನೋಡಿ, "ನಿಮಗೇನು ಸಾರ್, ಆರಾಮ" ಅನ್ನುತ್ತಿದ್ದರು.

ಆ ಹಳೆಯ ಮಿಸೈಲಿಗೂ ನಮ್ಮ ದೇಶದ ಕ್ಷಿಪಣಿ ಕೆಲಸಕ್ಕೂ ಇರುವ ನಂಟು ನನಗೆ ಸರಿಯಾಗಿ ತಿಳಿದದ್ದು ಮುಂದೆ ಓದಲು ಹೋದಾಗ. ಪುಣೆಯ ಗಿರಿನಗರದಲ್ಲಿ, ಖಡಕ್‌ವಾಸ್ಲಾ ಕೆರೆಯ ಹತ್ತಿರ, ಆಗ ಇನ್‌ಸ್ಟಿಟ್ಯೂಟ್ ಆಫ್ ಆರ್ಮಮೆಂಟ್ ಟೆಕ್ನಾಲಜಿ ಇತ್ತು. ಮೂರೂ ಸೇನೆಗಳ ಅಧಿಕಾರಿಗಳು ಅಲ್ಲಿ ಗೈಡೆಡ್ ಮಿಸೈಲ್ ವಿಷಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದರು. ನನಗೂ ಅವಕಾಶ ಸಿಕ್ಕಿತು. ಅಷ್ಟೊತ್ತಿಗೆ ಮದುವೆಯಾಗಿತ್ತು. ಹೆಂಡತಿ ಗದಗ ಬೆಟಗೇರಿಯವಳು. ಪುಣೆಯಲ್ಲಿ ಜೋಳದ ಹಿಟ್ಟು ಸಿಗುತ್ತದೆ ಅನ್ನೋದೇ ಅವಳಿಗೆ ದೊಡ್ಡ ಸಮಾಧಾನ. ಉತ್ತರದ ಊರುಗಳಲ್ಲಿ ಅದಕ್ಕಾಗಿ ಬಹಳ ಹುಡುಕಾಡಿದ್ದಳು.

ಅಲ್ಲಿಂದ ಮುಂದಿನ ಪೋಸ್ಟಿಂಗ್‌ನಲ್ಲಿ ಮಿಸೈಲ್‌ಗಳನ್ನು ರೂಪಿಸುವ ಹೈದರಾಬಾದಿನ ಡಿ.ಆರ್.ಡಿ.ಎಲ್. ಪ್ರಯೋಗಾಲಯದ ಜೊತೆ ಕೆಲಸ ಬಿತ್ತು. ಸ್ಯಾಮ್-2 ಮಿಸೈಲನ್ನು ಬಿಚ್ಚಿ, ಒಂದೊಂದು ಭಾಗವನ್ನೂ ಅರ್ಥ ಮಾಡಿಕೊಂಡು, ನಾವೇ ಮಾಡಿ ನೋಡೋಣ ಅಂತ 1970ರ ದಶಕದಲ್ಲಿ ಅಲ್ಲಿ ಒಂದು ಯೋಜನೆ ನಡೆದಿತ್ತು. ಡೆವಿಲ್ ಅಂತ ಹೆಸರು. ಆಗ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ವಿ.ಎಸ್. ನಾರಾಯಣನ್ ಏರ್ ಫೋರ್ಸ್‌ನವರು. ದ್ರವ ಇಂಧನದ ಎಂಜಿನ್ ಕೆಲಸ ನೋಡಿಕೊಂಡ ಆರ್. ಗೋಪಾಲಸ್ವಾಮಿಯೂ ಏರ್ ಫೋರ್ಸ್‌ನವರೇ. ಮುಂದೆ ಅವರು ಮಿಸೈಲ್ ತಯಾರಿಸುವ ಭಾರತ್ ಡೈನಾಮಿಕ್ಸ್‌ನ ಅಧ್ಯಕ್ಷರಾದರು. ಡೆವಿಲ್ ಮಿಸೈಲ್ ಸೇನೆಗೆ ಬರಲಿಲ್ಲ. ಯೋಜನೆ ನಿಂತಿತು. ಆದರೆ ಎಂಜಿನ್ ಮಾಡಲು ಕಲಿತ ವಿದ್ಯೆ ಉಳಿಯಿತು. 1988ರ ಫೆಬ್ರವರಿ 25ರಂದು ಶ್ರೀಹರಿಕೋಟಾದಿಂದ ಹಾರಿದ ಮೊದಲ ಪೃಥ್ವಿಯ ದ್ರವ ಎಂಜಿನ್ನಿನ ಬೇರು ಅಲ್ಲೇ ಇದೆ. ಸೋತ ಯೋಜನೆ ಅಂತ ಅದನ್ನು ಕರೆಯುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. ನಮ್ಮ ಮಿಸೈಲ್‌ಗಳ ಬಿಡಿಭಾಗ ಮಾಡುತ್ತಿದ್ದ ಕಾರ್ಖಾನೆಗಳು ಬೇರೆ ಬೇರೆ ದೇಶಗಳಿಗೆ ಹಂಚಿಹೋದವು. ಪತ್ರ ಬರೆದರೆ ಉತ್ತರವಿಲ್ಲ. ಇದ್ದದ್ದನ್ನು ಉಳಿಸಿಕೊಳ್ಳುವುದು ಹೇಗೆ ಅನ್ನೋದೇ ದೊಡ್ಡ ಪ್ರಶ್ನೆಯಾಯಿತು. ಘನ ಇಂಧನಕ್ಕೂ ವಯಸ್ಸಾಗುತ್ತದೆ. ಒಳಗೆ ಬಿರುಕು ಬಿಡಬಹುದು, ಗೋಡೆಯಿಂದ ಬಿಟ್ಟುಕೊಳ್ಳಬಹುದು. ಬಿರುಕಿದ್ದರೆ ಒಮ್ಮೆಲೇ ಹೆಚ್ಚು ಜಾಗ ಉರಿದು ಒತ್ತಡ ಏರಿ ಮೋಟಾರ್ ಒಡೆದುಹೋಗುತ್ತದೆ. ರಬ್ಬರ್ ಸೀಲ್‌ಗಳು ಗಟ್ಟಿಯಾಗುತ್ತವೆ. ಕೆಲವು ಮಿಸೈಲ್‌ಗಳನ್ನು ಆರಿಸಿ, ಎಕ್ಸ್-ರೇ ತೆಗೆದು, ಮೋಟಾರನ್ನು ನೆಲಕ್ಕೆ ಕಟ್ಟಿ ಉರಿಸಿ ನೋಡಿ, ಉಳಿದವುಗಳ ಆಯುಷ್ಯ ಇನ್ನೆಷ್ಟು ಅಂತ ತೀರ್ಮಾನಿಸಬೇಕು. ರಜೆಗೆ ಬಂದಾಗ ಗೋಕುಲ ರೋಡಿನಲ್ಲಿ ವರ್ಕ್‌ಶಾಪ್ ಇಟ್ಟ ಹಳೆಯ ಗೆಳೆಯನ ಹತ್ತಿರ ಕೂರುತ್ತಿದ್ದೆ. ಅವನು ವಾಲ್ವ್ ಮಾಡುತ್ತಿದ್ದ, ನೀರಿನ ಪೈಪಿಗೆ ಹಾಕುವ ವಾಲ್ವ್. ಯಾವ ರಬ್ಬರ್ ಎಷ್ಟು ವರ್ಷ ತಡೆಯುತ್ತದೆ, ಬಿಸಿಲಿನಲ್ಲಿ ಏನಾಗುತ್ತದೆ ಅಂತ ಅವನಿಗೆ ಕೈಯನುಭವ ಇತ್ತು. ನನ್ನ ಕೆಲಸದ ವಿಷಯ ಅವನಿಗೆ ಹೇಳುವಂತಿರಲಿಲ್ಲ. ರಬ್ಬರಿನ ವಿಷಯ ಗಂಟೆಗಟ್ಟಲೆ ಮಾತಾಡುತ್ತಿದ್ದೆವು.

ಮುಂದೆ ಒಂದು ಸ್ಕ್ವಾಡ್ರನ್ನೇ ನನ್ನ ಕೈಗೆ ಬಂತು. ಅದರ ಮುಖ್ಯಸ್ಥ, ಅಂದ್ರೆ ಸಿ.ಒ. ಆಗಿ ಮಾಡಿದ ಕೆಲಸಗಳಲ್ಲಿ ಫೈರಿಂಗ್ ಕ್ಯಾಂಪಿನ ಬಗ್ಗೆ ಹೇಳಲೇಬೇಕು. ಆಂಧ್ರದ ಬಾಪಟ್ಲಾ ಹತ್ತಿರ ಸೂರ್ಯಲಂಕಾ ಅಂತ ಊರು. ಸಮುದ್ರದ ದಂಡೆ. ಏರ್ ಫೋರ್ಸ್ ತನ್ನ ಮಿಸೈಲ್‌ಗಳನ್ನು ನಿಜವಾಗಿ ಹಾರಿಸಿ ನೋಡುವುದು ಅಲ್ಲಿ. ವರ್ಷಗಟ್ಟಲೆ ತಪಾಸಣೆ ಮಾಡಿದ ಏರ್‌ಮನ್‌ಗಳಲ್ಲಿ ಬಹಳ ಜನ ಮಿಸೈಲ್ ಹಾರಿದ್ದನ್ನು ಒಮ್ಮೆಯೂ ನೋಡಿರುವುದಿಲ್ಲ. ಕ್ಯಾಂಪಿಗೆ ಯಾರನ್ನು ಕರೆದೊಯ್ಯಬೇಕು ಅನ್ನೋದು ಹಾಗಾಗಿ ಬರೀ ಡ್ಯೂಟಿ ಪಟ್ಟಿಯ ವಿಷಯವಲ್ಲ. ಅಡುಗೆಯವರಿಂದ ಹಿಡಿದು ಡ್ರೈವರ್‌ವರೆಗೆ ಎಲ್ಲರಿಗೂ ಆಸೆ.

ಸ್ಕ್ವಾಡ್ರನ್ನಿನ ಸಾಮಾನನ್ನೆಲ್ಲ ಮಿಲಿಟರಿ ರೈಲಿಗೆ ಹೇರಿದೆವು. ಕ್ಯಾಬಿನ್, ಆಂಟೆನಾ, ಲಾಂಚರ್, ಜನರೇಟರ್. ಹೇರುವುದೇ ಒಂದು ವಿದ್ಯೆ. ಆಂಟೆನಾ ತುಸು ಓರೆಯಾದರೂ ಸುರಂಗದಲ್ಲಿ ತಾಗುತ್ತದೆ. ಇಳಿಸಿ, ಮರಳಿನಲ್ಲಿ ಗಟ್ಟಿ ನೆಲ ಮಾಡಿ, ಎಲ್ಲ ಮಟ್ಟ ಮಾಡಿ, ರೇಡಾರ್ ಮತ್ತು ಲಾಂಚರ್ ಒಂದೇ ದಿಕ್ಕನ್ನು ಒಂದೇ ಅಂತ ಒಪ್ಪುವಂತೆ ಹೊಂದಿಸುವುದಕ್ಕೆ ಬಹಳ ಹೊತ್ತು ಬೇಕು. ಸಮುದ್ರದ ಉಪ್ಪುಗಾಳಿ ಕನೆಕ್ಟರ್‌ಗಳಿಗೆ ಶತ್ರು. ಪ್ರತಿದಿನ ಬೆಳಿಗ್ಗೆ ಬಿಚ್ಚಿ ಒರೆಸುತ್ತಿದ್ದೆವು.

ಫೈರಿಂಗ್ ದಿನ ಸಮುದ್ರ ಖಾಲಿ ಇರಬೇಕು. ಮೀನುಗಾರರಿಗೆ ಮೊದಲೇ ತಿಳಿಸಿರುತ್ತಾರೆ. ಆದರೂ ಯಾವುದೋ ದೋಣಿ ಒಳಗೆ ಬರುತ್ತದೆ. ದೋಣಿ ಕಂಡರೆ ನಿಲ್ಲಿಸಲೇಬೇಕು. ಎಲ್ಲ ಸಜ್ಜಾಗಿ, ಎಣಿಕೆ ಶುರುವಾಗಿ, ನಿಲ್ಲಿಸು ಅಂತ ಆದೇಶ. ಮತ್ತೆ ಮೊದಲಿನಿಂದ. ಹುಡುಗರ ಮುಖ ಸಪ್ಪಗಾಗುತ್ತಿತ್ತು. ಆ ದೋಣಿಯವನೂ ಯಾರದೋ ಮನೆಯ ಅಪ್ಪ ಅಲ್ವಾ? ಕಾದೆವು.

ಕೊನೆಗೆ ಅನುಮತಿ ಬಂತು. ಗುರಿಗೆ ಪೈಲಟ್ ಇಲ್ಲದ ಒಂದು ಪುಟ್ಟ ವಿಮಾನ. ಕ್ಯಾಬಿನ್ ಒಳಗೆ ಕತ್ತಲು. ಪರದೆಯ ಹಸಿರು ಬೆಳಕು ಮಾತ್ರ. ದೂರದಲ್ಲಿ ಗುರಿಯ ಗೀರು ಕಾಣಿಸಿತು. ಮೂರು ಚಕ್ರಗಳು ತಿರುಗಿದವು. ಒಬ್ಬ ದೂರ ಹೇಳುತ್ತಾ ಹೋದ. ಮಿಸೈಲಿಗೆ ದಿಕ್ಕು ತಿಳಿಸುವ ಗೈರೊ ಚಕ್ರಗಳು ಸುತ್ತು ಹಿಡಿದು ತಯಾರಾದ ದೀಪ ಹತ್ತಿತು. ಗುರಿ ನಮ್ಮ ವ್ಯಾಪ್ತಿಯೊಳಗೆ ಬರುವವರೆಗೆ ಕಾದು ಆದೇಶ ಕೊಟ್ಟೆ.

ಕ್ಯಾಬಿನ್ ಅಲುಗಿತು. ಸದ್ದು ಕಿವಿಗಿಂತ ಮೊದಲು ಎದೆಗೆ ಬಂತು. ಮೊದಲ ಹಂತ ಮೂರು ಸೆಕೆಂಡಿನ ಒಳಗೇ ಉರಿದು ಕಳಚಿ ಬೀಳುತ್ತದೆ. ಆ ಹೊತ್ತಿಗೆ ರೇಡಾರ್ ಮಿಸೈಲನ್ನು ಹಿಡಿಯಬೇಕು. ಹಿಡಿಯದಿದ್ದರೆ ಅದು ಆಜ್ಞೆ ಕೇಳದ ಕಬ್ಬಿಣ. ಹಿಡಿಯಿತು. ಪರದೆಯ ಮೇಲೆ ಇನ್ನೊಂದು ಗೀರು ಮೊದಲನೆಯದರ ಕಡೆಗೆ ಓಡಿತು. ಉಸಿರು ಬಿಡುವ ಸದ್ದೂ ಇಲ್ಲ. ಎರಡೂ ಕೂಡಿದವು, ಗುರಿಯ ಗೀರು ಚೂರಾಗಿ ಹರಡಿತು. ಆಪರೇಟರ್ ಹುಡುಗರಲ್ಲಿ ಒಬ್ಬ ಚಕ್ರದಿಂದ ಕೈ ತೆಗೆಯಲೇ ಇಲ್ಲ. ತೆಗೆ ಅಂತ ಹೇಳಬೇಕಾಯಿತು.

ಇಪ್ಪತ್ತು ವರ್ಷ ಹಳೆಯ ಸಾಮಾನು ಅದು. ಬಾಗಿಲು ತೆಗೆದು ಹೊರಗೆ ಬಂದಾಗ ನನ್ನ ವಾರಂಟ್ ಆಫೀಸರ್ ಲಾಗ್ ಪುಸ್ತಕ ಹಿಡಿದು ನಿಂತಿದ್ದರು. ಲಾಂಚರ್ ತಣ್ಣಗಾದ ಮೇಲಿನ ತಪಾಸಣೆಗೆ ಸಹಿ ಬೇಕಿತ್ತು ಅವರಿಗೆ.

ನಂತರದ ವರ್ಷಗಳು ಆಕಾಶ್ ಮಿಸೈಲಿನ ಸುತ್ತ ಕಳೆದವು. ಆ ಯೋಜನೆಯ ನಿರ್ದೇಶಕರಾಗಿದ್ದ ಪ್ರಹ್ಲಾದ ರಾಮರಾವ್ ಬೆಂಗಳೂರಿನಲ್ಲಿ ಓದಿದವರು. ಪೆಚೋರಾ ತನ್ನ ಇಂಧನ ಉರಿದು ಮುಗಿದ ಮೇಲೆ ಪೆಡಲ್ ಬಿಟ್ಟ ಸೈಕಲ್‌ನಂತೆ ಇದ್ದ ವೇಗದಲ್ಲೇ ಸಾಗುತ್ತದೆ. ಆಕಾಶ್‌ನಲ್ಲಿರುವುದು ರ‍್ಯಾಮ್‌ಜೆಟ್. ಎದುರಿನ ಗಾಳಿಯನ್ನೇ ಒಳಗೆ ಎಳೆದುಕೊಂಡು ಇಂಧನ ಉರಿಸುತ್ತದೆ. ಗುರಿಯ ಹತ್ತಿರ ಹೋದಾಗಲೂ ಅದಕ್ಕೆ ತಳ್ಳುವ ಶಕ್ತಿ ಇರುತ್ತದೆ. ಹಾಗಾಗಿ ವಿಮಾನ ಕೊನೆಯ ಗಳಿಗೆಯಲ್ಲಿ ತಿರುಗಿಕೊಂಡರೂ ತಪ್ಪಿಸಿಕೊಳ್ಳುವುದು ಕಷ್ಟ. ಅದರ ರಾಜೇಂದ್ರ ರೇಡಾರ್ ಆಂಟೆನಾ ತಿರುಗಿಸದೆಯೇ ಕಿರಣವನ್ನು ಬೇಕಾದ ಕಡೆ ಹೊರಳಿಸುತ್ತದೆ, ಒಟ್ಟಿಗೆ ಹಲವು ಗುರಿಗಳನ್ನು ನೋಡಿಕೊಳ್ಳುತ್ತದೆ. ಮೂರು ಕೈಚಕ್ರದ ಕಾಲ ಮುಗಿದಿತ್ತು.

ಆದರೆ ಪ್ರಯೋಗಾಲಯದಲ್ಲಿ ಹಾರುವುದು ಬೇರೆ, ಸ್ಕ್ವಾಡ್ರನ್ನಿನ ಕೈಯಲ್ಲಿ ಹಾರುವುದು ಬೇರೆ. ಬಳಸುವವರ ಪರವಾಗಿ ಮಾತಾಡುವುದು ನಮ್ಮ ಕೆಲಸ. ಈ ಪೆಟ್ಟಿಗೆಯ ಬೋಲ್ಟಿಗೆ ಕೈಗವಸು ಹಾಕಿದ ಕೈ ಹೋಗುವುದಿಲ್ಲ. ಈ ಕೇಬಲ್ ಮಳೆಯಲ್ಲಿ ಬಿಚ್ಚಲಾಗುವುದಿಲ್ಲ. ಈ ದೋಷ ಎಲ್ಲಿದೆ ಅಂತ ಪರದೆಯೇ ತೋರಿಸಬೇಕು, ಏರ್‌ಮನ್ ಹುಡುಕುತ್ತಾ ಕೂರಬಾರದು. ಇಂಥವನ್ನು ಹೇಳಿದರೆ ವಿಜ್ಞಾನಿಗಳಿಗೆ ಮೊದಲು ಬೇಸರ, ಆಮೇಲೆ ಕುತೂಹಲ. ಮೇಜಿನ ಎರಡೂ ಕಡೆ ಜೋರು ಮಾತು ನಡೆದಿದೆ. ನನ್ನ ಪ್ರಕಾರ ಆ ಜಗಳಗಳೇ ಆಕಾಶನ್ನು ಗಟ್ಟಿ ಮಾಡಿದವು. 2007ರ ಡಿಸೆಂಬರ್‌ನಲ್ಲಿ ಒಡಿಶಾದ ಚಾಂದಿಪುರದಲ್ಲಿ ಏರ್ ಫೋರ್ಸ್ ಬಳಕೆದಾರರ ಪರೀಕ್ಷೆ ನಡೆಯಿತು. 2015ರ ಜುಲೈ 10ರಂದು ಗ್ವಾಲಿಯರ್‌ನಲ್ಲಿ ಆಗಿನ ರಕ್ಷಣಾ ಸಚಿವ ಮನೋಹರ್ ಪರಿಕ್ಕರ್ ಅದನ್ನು ಏರ್ ಫೋರ್ಸ್‌ಗೆ ಒಪ್ಪಿಸಿದರು. 1983ರಿಂದ ಲೆಕ್ಕ ಹಾಕಿ. ನನ್ನ ನೌಕರಿಯಷ್ಟೇ ಉದ್ದ.

ಬಾಹ್ಯಾಕಾಶದ ಕೆಲಸಕ್ಕೆ ಹೋದದ್ದು ನಾನು 'ಮಿಸೈಲಿನವನು' ಆಗಿದ್ದರಿಂದಲೇ. 2007ರ ಜನವರಿ 11ರಂದು ಚೀನಾ ತನ್ನದೇ ಒಂದು ಹಳೆಯ ಹವಾಮಾನ ಉಪಗ್ರಹವನ್ನು ನೆಲದಿಂದ ಹಾರಿಸಿದ ಮಿಸೈಲ್‌ನಿಂದ ಒಡೆಯಿತು. ಸುಮಾರು 860 ಕಿಲೋಮೀಟರ್ ಎತ್ತರದಲ್ಲಿ. ಅದರ ಚೂರುಗಳು ಇನ್ನೂ ಭೂಮಿಯನ್ನು ಸುತ್ತುತ್ತಿವೆ. ಉಪಗ್ರಹವೂ ಹೊಡೆಯಬಹುದಾದ ಗುರಿ ಅಂತ ಎಲ್ಲರಿಗೂ ತಿಳಿಯಿತು. 2008ರಲ್ಲಿ ಮೂರು ಸೇನೆಗಳಿಗೂ ಸೇರಿ ಇಂಟಿಗ್ರೇಟೆಡ್ ಸ್ಪೇಸ್ ಸೆಲ್ ಶುರು ಮಾಡುವುದಾಗಿ ಸರ್ಕಾರ ಘೋಷಿಸಿತು. ಅಂಥ ಕೆಲಸಗಳ ನಡುವೆ ದೆಹಲಿಯಲ್ಲಿ ನನ್ನ ಕೊನೆಯ ವರ್ಷಗಳು ಕಳೆದವು.

ಸಿನಿಮಾದಲ್ಲಿ ತೋರಿಸುವಂತೆ ಉಪಗ್ರಹ ಬೇಕೆಂದಾಗ ಬೇಕಾದ ಊರನ್ನು ತೋರಿಸುವುದಿಲ್ಲ. ಫೋಟೋ ತೆಗೆಯುವ ಉಪಗ್ರಹ ಒಂದು ಊರಿನ ಮೇಲೆ ಹಾದು ಹೋಗುವುದು ಕೆಲವೇ ನಿಮಿಷ. ಆಮೇಲೆ ಭೂಮಿ ತಿರುಗಿರುತ್ತದೆ, ಅದರ ದಾರಿ ಬೇರೆ ಕಡೆ ಇರುತ್ತದೆ. ಯಾವ ಜಾಗ, ಯಾವ ಹೊತ್ತು, ಯಾವ ಕೋನ ಅಂತ ಮೊದಲೇ ಹೇಳಿರಬೇಕು. ಇಷ್ಟೆಲ್ಲ ಆಗಿ ಫೋಟೋ ಬಂದಾಗ ಅದರಲ್ಲಿ ಬರೀ ಮೋಡ. ಜುಲೈನಲ್ಲಿ ಧಾರವಾಡದ ಮೇಲಿನ ಆಕಾಶ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಮೋಡದ ಆಚೆಗೂ, ರಾತ್ರಿಯಲ್ಲೂ ನೋಡಲು ರೇಡಾರ್ ಉಪಗ್ರಹ ಬೇಕು. 2009ರ ಏಪ್ರಿಲ್‌ನಲ್ಲಿ ರಿಸ್ಯಾಟ್-2 ಹಾರಿತು. 2012ರಲ್ಲಿ ರಿಸ್ಯಾಟ್-1. ರೇಡಾರ್ ಚಿತ್ರ ಫೋಟೋ ತರಹ ಇರುವುದಿಲ್ಲ. ನೀರು ಕಪ್ಪು, ಕಬ್ಬಿಣ ಬೆಳ್ಳಗೆ. ಅದನ್ನು ಓದಲು ಕಣ್ಣು ಹೊಸದಾಗಿ ಕಲಿಯಬೇಕು.

ಮಿಸೈಲಿನವನಿಗೆ ಅಲ್ಲಿ ಒಂದು ವಿಷಯ ಬೇಗ ಅರ್ಥವಾಗುತ್ತದೆ. ಲಾಂಚರ್ ಮೇಲಿನ ಮಿಸೈಲಿನಲ್ಲಿ ದೋಷ ಕಂಡರೆ ಇಳಿಸಿ ಸರಿಮಾಡಬಹುದು. ಹಾರಿದ ಉಪಗ್ರಹದ ಹತ್ತಿರ ಸ್ಪ್ಯಾನರ್ ಹಿಡಿದು ಹೋಗುವವರಿಲ್ಲ. ಮುಟ್ಟಿ ನೋಡುವುದೆಲ್ಲ ನೆಲದ ಮೇಲೆಯೇ ಮುಗಿಯಬೇಕು. 2018ರ ಡಿಸೆಂಬರ್ 19ರಂದು ಏರ್ ಫೋರ್ಸ್‌ಗೆ ಉಪಯೋಗವಾಗುವ ಸಂಪರ್ಕ ಉಪಗ್ರಹ ಜಿಸ್ಯಾಟ್-7ಎ ಶ್ರೀಹರಿಕೋಟಾದಿಂದ ಏರಿದಾಗ ನಾನು ಧಾರವಾಡದ ಮನೆಯಲ್ಲಿ ಟಿವಿ ಮುಂದೆ ಇದ್ದೆ. 2,250 ಕಿಲೋ ತೂಕ. 36,000 ಕಿಲೋಮೀಟರ್ ಎತ್ತರದ ಜಾಗಕ್ಕೆ ಅದನ್ನು ಒಯ್ದು ಕೂರಿಸುವ ಕೆಲಸ ನಮ್ಮ ಹಾಸನದ ಇಸ್ರೋ ಕೇಂದ್ರದಿಂದ ನಡೆಯಿತು. ಮರುವರ್ಷ ಮಾರ್ಚ್ 27ರಂದು ಭಾರತವೂ ತನ್ನದೇ ಒಂದು ಉಪಗ್ರಹವನ್ನು ಮಿಸೈಲ್‌ನಿಂದ ಹೊಡೆಯಿತು. ನಮ್ಮವರು ಆರಿಸಿದ್ದು ಸುಮಾರು 300 ಕಿಲೋಮೀಟರ್‌ನ ಕೆಳಗಿನ ಕಕ್ಷೆ, ಚೂರುಗಳು ಬೇಗ ಕೆಳಗೆ ಬಿದ್ದು ಉರಿದುಹೋಗಲಿ ಅಂತ. ಆ ಆಯ್ಕೆ ನನಗೆ ಬಹಳ ಮುಖ್ಯ ಅನಿಸುತ್ತದೆ.

2025ರ ಮೇ ತಿಂಗಳಲ್ಲಿ, 7ರಿಂದ 8ರ ರಾತ್ರಿ, ಪಾಕಿಸ್ತಾನ ನಮ್ಮ ಉತ್ತರ ಮತ್ತು ಪಶ್ಚಿಮದ ಸೇನಾ ನೆಲೆಗಳ ಮೇಲೆ ಡ್ರೋನ್, ಮಿಸೈಲ್ ಕಳಿಸಿತು. ಅವನ್ನು ತಡೆದ ಬಗ್ಗೆ ಸರ್ಕಾರ ಕೊಟ್ಟ ಹೇಳಿಕೆಯಲ್ಲಿ ಆಕಾಶ್ ಹೆಸರಿತ್ತು. ಅದರ ಜೊತೆ ಪೆಚೋರಾ ಹೆಸರೂ ಇತ್ತು. ನಾನು ಸೇರುವ ಮೊದಲೇ ಬಂದ ಮಿಸೈಲ್. ಓದಿ ಮತ್ತೊಮ್ಮೆ ಓದಿದೆ. ನಮ್ಮ ಹಳೆಯ ವಾರಂಟ್ ಆಫೀಸರ್‌ಗೆ ಫೋನ್ ಮಾಡಿದೆ. ಅವರಿಗೆ ವಯಸ್ಸಾಗಿದೆ, ಕಿವಿ ಮಂದ. ಎರಡು ಸಲ ಕೂಗಿ ಹೇಳಿದ ಮೇಲೆ, "ಸೀಲ್ ಯಾವುದು ಹಾಕಿದ್ದರಂತೆ ಸಾರ್?" ಅಂತ ಕೇಳಿದರು. ಎಷ್ಟೋ ಸ್ಕ್ವಾಡ್ರನ್‌ಗಳಲ್ಲಿ, ಎಷ್ಟೋ ಜನ, ಒಮ್ಮೆಯೂ ಯುದ್ಧ ನೋಡದೆ ನಿವೃತ್ತರಾದವರು, ಪ್ರತಿದಿನ ಬೆಳಿಗ್ಗೆ ಬರೆದಿಟ್ಟ ಓಲ್ಟೇಜ್‌ಗಳು ಆ ರಾತ್ರಿ ಕೆಲಸಕ್ಕೆ ಬಂದವು.

ಈಗ ಮನೆಗೆ ಬರುವ ಹುಡುಗರಿಗೆ ದಾರಿ ನಮ್ಮ ಕಾಲಕ್ಕಿಂತ ಸ್ಪಷ್ಟವಾಗಿದೆ. 2022ರ ಅಕ್ಟೋಬರ್‌ನಲ್ಲಿ ಏರ್ ಫೋರ್ಸ್ ವೆಪನ್ ಸಿಸ್ಟಮ್ಸ್ ಅಂತ ಬೇರೆ ಬ್ರಾಂಚನ್ನೇ ಘೋಷಿಸಿತು. ನೆಲದಿಂದ ನೆಲಕ್ಕೆ ಹಾರುವ ಮಿಸೈಲ್, ನೆಲದಿಂದ ಆಕಾಶಕ್ಕೆ ಹಾರುವ ಮಿಸೈಲ್, ದೂರದಿಂದ ನಡೆಸುವ ವಿಮಾನ, ಯುದ್ಧವಿಮಾನದಲ್ಲಿ ಕೂತು ಆಯುಧ ನೋಡಿಕೊಳ್ಳುವ ಅಧಿಕಾರಿ, ಎಲ್ಲ ಅದರೊಳಗೆ. 2024ರ ಜುಲೈ 1ರಂದು ಹೈದರಾಬಾದಿನ ಬೇಗಂಪೇಟೆಯಲ್ಲಿ ಅದರ ಶಾಲೆ ತೆರೆಯಿತು. ಹುಬ್ಬಳ್ಳಿಯಿಂದ ಹೈದರಾಬಾದ್ ರಾತ್ರಿ ರೈಲಿನ ದೂರ. ಡಿಗ್ರಿ ಮುಗಿಸುವವರು ಏರ್ ಫೋರ್ಸ್ ಅಧಿಕಾರಿಯಾಗಲು ಎ.ಎಫ್. ಕ್ಯಾಟ್ ಅನ್ನುವ ಪರೀಕ್ಷೆ ಬರೆಯಬೇಕು, ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಎರಡು ಗಂಟೆ, 100 ಪ್ರಶ್ನೆ. ಸರಿ ಉತ್ತರಕ್ಕೆ ಮೂರು ಅಂಕ, ತಪ್ಪಿಗೆ ಒಂದು ಕಳೆಯುತ್ತಾರೆ. ಗಂಡು, ಹೆಣ್ಣು ಇಬ್ಬರೂ ಬರೆಯಬಹುದು. ಅದು ದಾಟಿದರೆ ನಮ್ಮ ಕಡೆಯವರನ್ನು ಹೆಚ್ಚಾಗಿ ಕರೆಯುವುದು ಮೈಸೂರಿಗೇ.

ಕುಂದಗೋಳದಿಂದ ಒಬ್ಬ ಹುಡುಗಿ ಹೋದ ತಿಂಗಳು ತಂದೆಯ ಜೊತೆ ಬಂದಿದ್ದಳು. ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷ. ಮಿಸೈಲ್ ಬಗ್ಗೆ ಏನೇನು ಓದಿಕೊಂಡು ಹೋಗಬೇಕು ಅಂತ ಕೇಳಿದಳು. ನಾನು ಅವಳ ತಂದೆಗೆ ಏನು ಕೆಲಸ ಅಂತ ಕೇಳಿದೆ. ಬೋರ್‌ವೆಲ್ ಮೋಟಾರ್ ರಿಪೇರಿ ಅಂದಳು. ಕಾಯಿಲ್ ಸುಟ್ಟಿದೆ ಅಂತ ಅವರು ಹೇಗೆ ಕಂಡುಹಿಡಿಯುತ್ತಾರೆ ಅಂತ ಕೇಳಿದಾಗ ಅವಳಿಗೆ ಗೊತ್ತಿರಲಿಲ್ಲ. ಈ ಬೇಸಿಗೆ ಪೂರ್ತಿ ಅಪ್ಪನ ಜೊತೆ ಕೂತು ಮೋಟಾರ್ ಬಿಚ್ಚು, ಆಮೇಲೆ ಮೈಸೂರಿಗೆ ಹೋಗುವಿಯಂತೆ ಅಂದೆ. ತಂದೆಗೆ ಖುಷಿಯಾಯಿತು. ಹುಡುಗಿ ಮಲ್ಟಿಮೀಟರ್ ಯಾವ ಕಂಪನಿಯದು ಒಳ್ಳೆಯದು ಅಂತ ಕೇಳಿ ಬರೆದುಕೊಂಡಳು.